ಗೊತ್ತಿಲ್ಲದ ನಂಬರ್‌ನಿಂದ ಕರೆ: ಸ್ಕ್ರೀನ್ ಮೇಲಿನ ಹೆಸರನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ತಂದೆ ತಾಯಿ ಇಬ್ಬರೇ ಅಲ್ಲಿದ್ದಾರೆ, ನಾನು ಪುಣೆಯಲ್ಲಿದ್ದೇನೆ. ತಂದೆಯ ಫೋನಿಗೆ ದಿನವೂ ಗೊತ್ತಿಲ್ಲದ ನಂಬರ್‌ಗಳಿಂದ ಕರೆ ಬರುತ್ತವೆ. ಅದಕ್ಕೇ ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆ್ಯಪ್ ಹಾಕಿಕೊಟ್ಟಿದ್ದೆ. ಮೊನ್ನೆ ಅದರಲ್ಲಿ ಅವರ ಬ್ಯಾಂಕಿನ ಹೆಸರೇ ಕಾಣಿಸಿತಂತೆ. ಎತ್ತಿದರೆ, "ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಆಗಿಲ್ಲ, ಪೆನ್ಷನ್ ನಿಲ್ಲುತ್ತೆ" ಅಂದರಂತೆ. ಹೆಸರು, ಪಿಪಿಒ ನಂಬರ್ (ಪೆನ್ಷನ್ ಆದೇಶದ ನಂಬರ್), ನಿವೃತ್ತಿಯಾದ ದಿನ ಎಲ್ಲವನ್ನೂ ಸರಿಯಾಗಿ ಹೇಳಿದರಂತೆ. ಒಟಿಪಿ ಕೇಳಿದಾಗ ಅಮ್ಮನಿಗೆ ಅನುಮಾನ ಬಂದು ಫೋನ್ ಕಟ್ ಮಾಡಿಸಿದರು. ಗೊತ್ತಿಲ್ಲದ ಕರೆ ಎತ್ತಲೇಬೇಡಿ ಅಂತ ಹೇಳೋಣ ಅಂದರೆ ಆಸ್ಪತ್ರೆ, ಗ್ಯಾಸ್, ಕೊರಿಯರ್ ಕರೆಗಳು ತಪ್ಪುತ್ತವೆ. ಕರೆ ಮಾಡಿದವರು ಯಾರು ಅಂತ ಖಚಿತವಾಗಿ ತಿಳಿಯುವ ದಾರಿ ಇದೆಯಾ? ತಂದೆಗೆ ನಾನು ಏನು ಹೇಳಿಕೊಡಲಿ?

ಉತ್ತರ: ನಿಮ್ಮ ತಾಯಿ ಸರಿಯಾದ ಕೆಲಸವನ್ನು ಸರಿಯಾದ ಹೊತ್ತಿಗೆ ಮಾಡಿದ್ದಾರೆ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ.

ನಿಮ್ಮ ಪ್ರಶ್ನೆಗೆ ಬರುವ ಮುಂಚೆ ಇವತ್ತೇ ಮಾಡಬೇಕಾದ ಒಂದು ಕೆಲಸ ಇದೆ. ತಂದೆಯವರಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ಆ ಕರೆಯ ಹೊತ್ತಿನಲ್ಲಿ ವಾಟ್ಸಾಪ್‌ಗೆ ಯಾವುದಾದರೂ ಫೈಲ್ ಬಂದಿತ್ತಾ, ಅದನ್ನು ಒತ್ತಿದ್ರಾ? ಸ್ಟಾರ್ ಗುರುತಿನಿಂದ ಶುರುವಾಗುವ ಯಾವುದಾದರೂ ನಂಬರನ್ನು ಅವರಿಂದ ಡಯಲ್ ಮಾಡಿಸಿದರಾ? ಗದರಿಸಿ ಕೇಳಬೇಡಿ. ಗದರಿಸಿದರೆ "ಇಲ್ಲಪ್ಪ, ಏನೂ ಮಾಡಿಲ್ಲ" ಅಂತ ಮುಚ್ಚಿಡುತ್ತಾರೆ.

ಫೈಲ್ ವಿಷಯ ಯಾಕೆ ಕೇಳಬೇಕು ಅಂದರೆ, ಈಗ ಮೋಸಗಾರರು ಎಪಿಕೆ ಫೈಲ್ ಕಳಿಸುವುದು ಜಾಸ್ತಿಯಾಗಿದೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಅಂತ ಏನೋ ಒಂದು ಹೆಸರು ಇಟ್ಟಿರುತ್ತಾರೆ. ಒತ್ತಿದರೆ ಫೋನಿನೊಳಗೆ ಒಂದು ಆ್ಯಪ್ ಕೂರುತ್ತದೆ, ಬರುವ ಎಸ್ಸೆಮ್ಮೆಸ್‌ಗಳನ್ನು ಓದಿ ಅವರಿಗೆ ಕಳಿಸುತ್ತದೆ. ಆಮೇಲೆ ಒಟಿಪಿಯನ್ನು ಬಾಯಿಬಿಟ್ಟು ಕೇಳುವ ಅಗತ್ಯವೇ ಅವರಿಗಿಲ್ಲ. ಒತ್ತಿದ್ದಾರೆ ಅಂತ ಗೊತ್ತಾದರೆ ತಕ್ಷಣ ಆ ಫೋನಿನ ಡೇಟಾ ಮತ್ತು ವೈಫೈ ಆಫ್ ಮಾಡಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ತಡೆಹಿಡಿಸಿ. ನಂತರ ಗೊತ್ತಿರುವವರಿಂದ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ.

ಸ್ಟಾರ್ ನಂಬರಿನದು ಬೇರೆ ಆಟ. *21* ಅಂತ ಒತ್ತಿ ಮುಂದೆ ಒಂದು ಮೊಬೈಲ್ ನಂಬರ್ ಹಾಕಿದರೆ, ನಿಮ್ಮ ತಂದೆಗೆ ಬರುವ ಕರೆಗಳೆಲ್ಲ ಆ ನಂಬರಿಗೆ ಹೋಗುತ್ತವೆ. ಒಟಿಪಿಯನ್ನು ಕರೆ ಮೂಲಕವೂ ತರಿಸಿಕೊಳ್ಳಬಹುದಲ್ವಾ, ಅದು ಕಳ್ಳನ ಕಿವಿಗೆ ಬೀಳುತ್ತದೆ. ಡಯಲ್ ಮಾಡಿದ ನೆನಪು ಇದ್ದರೂ ಇಲ್ಲದಿದ್ದರೂ ಒಮ್ಮೆ ##002# ಒತ್ತಿ ಕರೆ ಬಟನ್ ಒತ್ತಲು ಹೇಳಿ. ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಇದರಿಂದ ಯಾವ ನಷ್ಟವೂ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕರೆ ಮಾಡಿದವರು ಯಾರು ಅಂತ ಸ್ಕ್ರೀನ್ ನೋಡಿ ಖಚಿತವಾಗಿ ತಿಳಿಯುವ ದಾರಿ ಇವತ್ತಿಗೆ ಇಲ್ಲ. ಊಹೆ ಮಾಡಲು ಸಹಾಯ ಸಿಗುತ್ತದೆ, ಅಷ್ಟೇ. ಟ್ರೂಕಾಲರ್ ತೋರಿಸುವ ಹೆಸರು ಹೆಚ್ಚಾಗಿ ಜನರಿಂದಲೇ ಬಂದದ್ದು. ಬಳಕೆದಾರರು ಒಂದು ನಂಬರಿಗೆ ಏನು ಹೆಸರು ಕೊಟ್ಟಿದ್ದಾರೆ, ಯಾರು ಸ್ಪ್ಯಾಮ್ ಅಂತ ಗುರುತು ಹಾಕಿದ್ದಾರೆ ಅನ್ನುವುದರ ಮೇಲೆ ಅದು ನಡೆಯುತ್ತದೆ. ಹೊಸ ಸಿಮ್ ತೆಗೆದುಕೊಂಡು, ಪ್ರೊಫೈಲ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ, ಬ್ಯಾಂಕಿನ ಲೋಗೊ ಅಂಟಿಸಿಕೊಳ್ಳುವುದು ಮೋಸಗಾರನಿಗೆ ಕಷ್ಟದ ಕೆಲಸವಲ್ಲ. ಮನೆ ಮುಂದೆ ಯಾರು ಬೇಕಾದರೂ 'ಡಾಕ್ಟರ್' ಅಂತ ಬೋರ್ಡು ಬರೆಸಿ ಹಾಕಿಕೊಂಡ ಹಾಗೆ. ಹಾಗಂತ ಆ್ಯಪ್ ತೆಗೆದುಹಾಕಿ ಅನ್ನುವುದಿಲ್ಲ. ಅದು "ಸ್ಪ್ಯಾಮ್" ಅಂತ ಕೆಂಪು ಬಣ್ಣದಲ್ಲಿ ತೋರಿಸಿದರೆ ಆ ಎಚ್ಚರಿಕೆಯನ್ನು ನಂಬಿ. ಬ್ಯಾಂಕು, ಪೊಲೀಸು ಅಂತ ಹೆಸರು ತೋರಿಸಿದರೆ ಅದನ್ನು ಮಾತ್ರ ನಂಬಬೇಡಿ. ತಂದೆಯವರಿಗೆ ಹೇಳಬೇಕಾದ ಮೊದಲ ಮಾತು ಇದು.

ಇನ್ನೊಂದು ವ್ಯವಸ್ಥೆ ಬರುತ್ತಿದೆ. ಅದರ ಹೆಸರು ಸಿಎನ್‌ಎಪಿ. ಸಿಮ್ ತೆಗೆದುಕೊಳ್ಳುವಾಗ ದಾಖಲೆಯಲ್ಲಿ ಯಾರ ಹೆಸರಿತ್ತೋ ಅದನ್ನೇ ಕರೆ ಬಂದಾಗ ತೋರಿಸುವುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2024ರ ಫೆಬ್ರವರಿಯಲ್ಲಿ ಇದನ್ನು ಶಿಫಾರಸು ಮಾಡಿತ್ತು. ಕಂಪನಿಗಳು ಹಂತಹಂತವಾಗಿ ಜಾರಿಗೆ ತರುತ್ತಿವೆ. ಇದು ಟ್ರೂಕಾಲರ್‌ಗಿಂತ ಗಟ್ಟಿ, ಯಾಕೆಂದರೆ ಹೆಸರು ದಾಖಲೆಯಿಂದ ಬರುತ್ತದೆ. ಆದರೆ ನಿಮ್ಮ ತಾಯಿಯ ಸಿಮ್ ನಿಮ್ಮ ಹೆಸರಿನಲ್ಲಿದ್ದರೆ, ಅವರು ಕರೆ ಮಾಡಿದಾಗ ನಿಮ್ಮ ಹೆಸರೇ ಕಾಣುತ್ತದೆ. ಮೋಸಗಾರರೂ ತಮ್ಮ ಹೆಸರಿನ ಸಿಮ್ ಬಳಸುವುದಿಲ್ಲ. ಯಾರೋ ಬಡವರಿಗೆ ಒಂದಿಷ್ಟು ದುಡ್ಡು ಕೊಟ್ಟು ಅವರ ಆಧಾರ್ ಮೇಲೆ ತೆಗೆದ ಸಿಮ್‌ಗಳು ಇವರ ಕೈಯಲ್ಲಿರುತ್ತವೆ. ಆಗ ಕಾಣುವುದು ಆ ಅಮಾಯಕರ ಹೆಸರು. ಒಂದು ಲಾಭ ಮಾತ್ರ ಖಂಡಿತ ಇದೆ. "ನಾನು ಬ್ಯಾಂಕಿನಿಂದ" ಅಂತ ಹೇಳುವವನ ಹೆಸರು ಸ್ಕ್ರೀನ್ ಮೇಲೆ ಯಾವುದೋ ಊರಿನ ಖಾಸಗಿ ವ್ಯಕ್ತಿಯದ್ದಾಗಿದ್ದರೆ ಅಲ್ಲೇ ಅನುಮಾನ ಪಡಬಹುದು.

ನಂಬರ್ ಕೂಡ ಸುಳ್ಳಾಗಿರಬಹುದು. ಹೊರದೇಶದಲ್ಲಿ ಕೂತು +91 ನಂಬರ್ ಕಾಣುವಂತೆ ಕರೆ ಮಾಡುವುದು ವರ್ಷಗಳಿಂದ ನಡೆದಿತ್ತು. ಇದನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆ ತಂದಿತು. ಮೊದಲ 24 ಗಂಟೆಯಲ್ಲೇ ಇಂಥ 1.35 ಕೋಟಿ ಕರೆಗಳನ್ನು ಅದು ತಡೆಯಿತು ಅಂತ ಇಲಾಖೆ ಹೇಳಿದೆ. ದೊಡ್ಡ ಕೆಲಸವೇ ಅದು. ಆದರೆ ಕಳ್ಳರು ಸಿಮ್ ಬಾಕ್ಸ್ ಕಡೆ ತಿರುಗುತ್ತಾರೆ. ಹತ್ತಾರು ಸಿಮ್ ತುಂಬಿದ ಯಂತ್ರ ಅದು. ಹೊರದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ಇಲ್ಲಿನ ಸ್ಥಳೀಯ ಕರೆಯಾಗಿ ಮಾಡಿ ಕೊಡುತ್ತದೆ. ಬೆಂಗಳೂರಿನಲ್ಲೇ 2021ರಲ್ಲಿ ಇಂಥ ಅಕ್ರಮ ಎಕ್ಸ್‌ಚೇಂಜ್ ಸಿಕ್ಕಿಬಿದ್ದಿತ್ತು. ಹಾಗಾಗಿ "ನಮ್ಮ ದೇಶದ ನಂಬರೇ ಅಲ್ವಾ" ಅನ್ನುವ ಧೈರ್ಯ ಸಲ್ಲ.

ಸ್ವಲ್ಪ ನೆರವಾಗುವ ಒಂದು ಗುರುತು ಇದೆ. ಜಾಹೀರಾತು ಕರೆಗಳು 140ರಿಂದ ಶುರುವಾಗಬೇಕು. ಬ್ಯಾಂಕು, ವಿಮೆಯಂಥ ಸಂಸ್ಥೆಗಳು ಗ್ರಾಹಕರ ಖಾತೆ, ವ್ಯವಹಾರದ ವಿಷಯಕ್ಕೆ ಕರೆ ಮಾಡಲು 1600ರಿಂದ ಶುರುವಾಗುವ ನಂಬರ್ ಕೊಟ್ಟಿದ್ದಾರೆ. ಬ್ಯಾಂಕುಗಳು ಇದನ್ನೇ ಬಳಸಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ಸಾಮಾನ್ಯ ಹತ್ತು ಅಂಕಿಯ ಮೊಬೈಲ್‌ನಿಂದ "ಹೆಡ್ ಆಫೀಸ್‌ನಿಂದ ಮಾತಾಡ್ತಿದ್ದೇವೆ" ಅಂದರೆ ಅನುಮಾನ ಪಡಲು ಅಷ್ಟು ಸಾಕು. ಎಸ್ಸೆಮ್ಮೆಸ್‌ನಲ್ಲೂ ಹೀಗೇ ಒಂದು ಗುರುತು ಬಂದಿದೆ. ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಪಿ, ಎಸ್, ಟಿ, ಜಿ ಅನ್ನುವ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಇರುತ್ತದೆ. ಪಿ ಜಾಹೀರಾತಿಗೆ, ಎಸ್ ಸೇವೆಗೆ, ಟಿ ವ್ಯವಹಾರಕ್ಕೆ, ಜಿ ಸರ್ಕಾರಕ್ಕೆ. "ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ" ಅಂತ ಯಾವುದೋ ಮೊಬೈಲ್ ನಂಬರ್‌ನಿಂದ ಮೆಸೇಜ್ ಬಂದರೆ ಅದು ಹೆಸ್ಕಾಂನದ್ದೂ ಅಲ್ಲ, ಬೆಸ್ಕಾಂನದ್ದೂ ಅಲ್ಲ.

ಇಷ್ಟೆಲ್ಲ 72 ವರ್ಷದವರು ನೆನಪಿಟ್ಟುಕೊಳ್ಳಬೇಕಾ? ಬೇಡ. ಅವರ ತಲೆಗೆ ಅಷ್ಟು ಭಾರ ಹೊರಿಸಬಾರದು ಅಂತಲೇ ನನ್ನ ಅಭಿಪ್ರಾಯ. "ಇವನು ಯಾರು?" ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಲು ಹೇಳಿ. "ಇವನು ನನ್ನ ಕೈಯಲ್ಲಿ ಏನು ಮಾಡಿಸಲು ನೋಡುತ್ತಿದ್ದಾನೆ?" ಅಂತ ಕೇಳಿಕೊಂಡರೆ ಸಾಕು. ಕೊರಿಯರ್ ಹುಡುಗ ಮನೆ ಎಲ್ಲಿ ಅಂತ ಕೇಳುತ್ತಾನೆ. ಆಸ್ಪತ್ರೆಯವರು ಇಂಥ ದಿನ ಬನ್ನಿ ಅನ್ನುತ್ತಾರೆ. ಇದಕ್ಕೆಲ್ಲ ಉತ್ತರ ಕೊಟ್ಟರೆ ತೊಂದರೆ ಇಲ್ಲ, ಕರೆ ಎತ್ತಲಿ, ಮಾತಾಡಲಿ. ಆದರೆ ನಂಬರ್ ಹೇಳಿ, ಬಟನ್ ಒತ್ತಿ, ಆ್ಯಪ್ ಹಾಕಿ, ಸ್ಕ್ರೀನ್ ತೋರಿಸಿ, ದುಡ್ಡು ಕಳಿಸಿ, ಇನ್ನೊಂದು ಕರೆಯನ್ನು ಇದಕ್ಕೆ ಸೇರಿಸಿ, ಯಾರಿಗೂ ಹೇಳಬೇಡಿ ಅನ್ನುವ ಮಾತು ಬಂತೋ, ಅಲ್ಲಿಗೆ ಕರೆ ಮುಗಿಯಬೇಕು. ಕರೆ ಮಾಡಿದವನು ನಿಜವಾಗಿ ಬ್ಯಾಂಕಿನವನೇ ಆಗಿದ್ದರೂ ಸರಿ. ನಿಜವಾದ ಬ್ಯಾಂಕಿಗೆ ನೀವು ಕಟ್ ಮಾಡಿದ್ದರಿಂದ ಬೇಜಾರಾಗುವುದಿಲ್ಲ.

ಕರೆ ಸೇರಿಸುವ ವಿಷಯ ಅನೇಕರಿಗೆ ಹೊಸದು. "ನಿಮ್ಮ ಸ್ನೇಹಿತರು ಇನ್ನೊಂದು ನಂಬರ್‌ನಿಂದ ಕರೆ ಮಾಡುತ್ತಿದ್ದಾರೆ, ಮರ್ಜ್ ಮಾಡಿ" ಅನ್ನುತ್ತಾರೆ. ಆ ಇನ್ನೊಂದು ಕರೆ ಬ್ಯಾಂಕಿನ ಒಟಿಪಿ ಓದುವ ಕರೆ. ಮರ್ಜ್ ಮಾಡಿದ ಕ್ಷಣ ಒಟಿಪಿ ಅವನಿಗೂ ಕೇಳಿಸುತ್ತದೆ. ನಿಮ್ಮ ತಂದೆ ಒಂದು ಅಂಕಿಯನ್ನೂ ಹೇಳಿರುವುದಿಲ್ಲ.

ಪಿಪಿಒ ನಂಬರ್, ನಿವೃತ್ತಿ ದಿನ ಸರಿಯಾಗಿ ಹೇಳಿದ್ದು ನಿಮ್ಮನ್ನೂ ಕಂಗೆಡಿಸಿದೆ ಅಂತ ಕಾಣುತ್ತದೆ. ಇಂಥ ಮಾಹಿತಿ ಎಲ್ಲೆಲ್ಲಿಂದಲೋ ಸೋರಿ ಮಾರಾಟವಾಗುತ್ತದೆ. ಜೆರಾಕ್ಸ್ ಅಂಗಡಿ, ಸಾಲದ ಆ್ಯಪ್, ಯಾವುದೋ ಕಚೇರಿಯ ಪಟ್ಟಿ, ಎಲ್ಲಿಂದ ಬೇಕಾದರೂ ಹೋಗಿರಬಹುದು. ಮಾಹಿತಿ ಗೊತ್ತಿದ್ದ ಮಾತ್ರಕ್ಕೆ ಅವನು ಬ್ಯಾಂಕಿನವನಾಗುವುದಿಲ್ಲ. ಪೆನ್ಷನ್‌ದಾರರನ್ನು ಗುರಿ ಮಾಡುವವರು ಈ ವಿವರಗಳನ್ನು ಇಟ್ಟುಕೊಂಡೇ ಕರೆ ಮಾಡುತ್ತಾರೆ.

ಲೈಫ್ ಸರ್ಟಿಫಿಕೇಟ್ ವಿಷಯದಲ್ಲಿ ತಂದೆಯವರ ಮನಸ್ಸು ಹಗುರ ಮಾಡಿ. ಕೇಂದ್ರ ಸರ್ಕಾರದ ಪೆನ್ಷನ್‌ದಾರರು ಅದನ್ನು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಕೊಡುತ್ತಾರೆ. 80 ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶ ಇದೆ. ಬ್ಯಾಂಕ್ ಶಾಖೆಗೆ ಹೋಗಿ ಕೊಡಬಹುದು, ಮನೆಗೇ ಪೋಸ್ಟ್‌ಮ್ಯಾನ್ ಕರೆಸಬಹುದು, ಇಲ್ಲವೇ ನೀವು ಊರಿಗೆ ಹೋದಾಗ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಿಸಬಹುದು. ಫೋನಿನಲ್ಲಿ ಮಾತಾಡುತ್ತಾ ಯಾರೋ ಅಪ್‌ಡೇಟ್ ಮಾಡಿಕೊಡುವ ಪದ್ಧತಿಯೇ ಇಲ್ಲ. ಒಂದು ವೇಳೆ ತಡವಾಗಿ ಪೆನ್ಷನ್ ನಿಂತರೂ, ಸರ್ಟಿಫಿಕೇಟ್ ಕೊಟ್ಟ ಮೇಲೆ ಬಾಕಿ ಸಮೇತ ಮತ್ತೆ ಬರುತ್ತದೆ. ಇದು ಗೊತ್ತಿದ್ದರೆ "ಈ ತಿಂಗಳೇ ನಿಲ್ಲುತ್ತೆ" ಅನ್ನುವ ಬೆದರಿಕೆಗೆ ಜೀವವೇ ಇರುವುದಿಲ್ಲ.

ಇನ್ನೊಂದು ಬಗೆಯ ಕರೆಗೆ ಅವರನ್ನು ಮೊದಲೇ ಸಿದ್ಧಮಾಡಿ. ವಯಸ್ಸಾದವರ ಜೀವಮಾನದ ಉಳಿತಾಯವನ್ನು ಹೆಚ್ಚಾಗಿ ನುಂಗುತ್ತಿರುವುದು ಇದೇ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಅಂತಲೋ, "ಟ್ರಾಯ್‌ನಿಂದ ಕರೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್, 9 ಒತ್ತಿ" ಅಂತಲೋ ಶುರುವಾಗುತ್ತದೆ. ಆಮೇಲೆ ಯೂನಿಫಾರ್ಮ್ ಹಾಕಿದವನು ವಿಡಿಯೊ ಕಾಲ್‌ಗೆ ಬಂದು "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡಬೇಡಿ" ಅನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ಟ್ರಾಯ್ ಯಾರ ಫೋನನ್ನೂ ಹೀಗೆ ಬಂದ್ ಮಾಡುವುದಿಲ್ಲ. ವಿಚಾರಣೆಗೆ ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಕೊಟ್ಟಿದೆ. ಈ ಕರೆಗಳ ಬಲ ಇರುವುದು ಒಂಟಿತನದಲ್ಲಿ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮಾತಿನಲ್ಲಿ ಕಟ್ಟಿಹಾಕಿ, ಮನೆಯವರಿಗೆ ಹೇಳದಂತೆ ಮಾಡುತ್ತಾರೆ. ಅದಕ್ಕೇ ತಂದೆ ತಾಯಿ ಇಬ್ಬರಲ್ಲಿ ಒಂದು ಒಪ್ಪಂದ ಇರಲಿ: ಹೆದರಿಸುವ ಕರೆ ಯಾರಿಗೇ ಬಂದರೂ ಕೂಡಲೇ ಫೋನನ್ನು ಇನ್ನೊಬ್ಬರ ಕೈಗೆ ಕೊಡುವುದು. ನಿಮ್ಮ ತಾಯಿ ಮೊನ್ನೆ ಮಾಡಿದ್ದು ಇದನ್ನೇ.

ಹೇಳಿಕೊಡುವ ರೀತಿಯೂ ಮುಖ್ಯ. ದೊಡ್ಡ ಪಟ್ಟಿ ಕೊಟ್ಟರೆ ನೆನಪಿರುವುದಿಲ್ಲ. ಒಂದೇ ವಾಕ್ಯ ಬಾಯಿಪಾಠ ಮಾಡಿಸಿ: "ಮಗನ್ನ ಕೇಳಿ ನಾನೇ ಫೋನ್ ಮಾಡ್ತೀನಿ." ಇಷ್ಟು ಹೇಳಿ ಇಟ್ಟುಬಿಡಬೇಕು. ನೀವೇ ಒಂದೆರಡು ಸಲ ಬ್ಯಾಂಕಿನವರ ಹಾಗೆ ಮಾತಾಡಿ ಅಭ್ಯಾಸ ಮಾಡಿಸಿ. ಮರ್ಯಾದಸ್ಥರಿಗೆ ಎದುರಿನವರ ಮಾತು ಕತ್ತರಿಸಿ ಫೋನ್ ಇಡುವುದೇ ಕಷ್ಟ, ಮೋಸಗಾರರು ಆ ಸಂಕೋಚವನ್ನೇ ಹಿಡಿದು ಆಡಿಸುತ್ತಾರೆ. ವಾಪಸ್ ಕರೆ ಮಾಡುವ ನಂಬರ್ ಪಾಸ್‌ಬುಕ್‌ನಲ್ಲೋ ಕಾರ್ಡಿನ ಹಿಂದೆಯೋ ಇರುವುದೇ ಆಗಿರಲಿ. ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಅಂತ ಹುಡುಕಬೇಡಿ. ಅಲ್ಲಿ ನಕಲಿ ನಂಬರ್‌ಗಳನ್ನು ಹಾಕಿಟ್ಟಿರುತ್ತಾರೆ. ಶಾಖೆಯ ನಂಬರನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಈಗ ಮಕ್ಕಳ ದನಿಯನ್ನೇ ನಕಲು ಮಾಡಿ "ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸಿ" ಅನ್ನುವುದೂ ಶುರುವಾಗಿದೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ.

ಫೋನಿನಲ್ಲಿ ಮಾಡುವ ಕೆಲಸ ನಿಮ್ಮದು. ವಾಟ್ಸಾಪ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕಾಲ್ಸ್ ಅಂತ ಇದೆ, ಅಲ್ಲಿ ಗೊತ್ತಿಲ್ಲದವರ ಕರೆ ಸದ್ದು ಮಾಡದಂತೆ ಮಾಡಬಹುದು. ಇದನ್ನು ಮೊದಲು ಮಾಡಿ, ಯಾಕೆಂದರೆ ಆಸ್ಪತ್ರೆ, ಗ್ಯಾಸ್‌ನವರು ಹೆಚ್ಚಾಗಿ ಮಾಮೂಲಿ ಕರೆಯನ್ನೇ ಮಾಡುತ್ತಾರೆ. 1909ಕ್ಕೆ ಇಂಗ್ಲಿಷ್‌ನಲ್ಲಿ ಸ್ಟಾರ್ಟ್ 0 ಅಂತ ಎಸ್ಸೆಮ್ಮೆಸ್ ಕಳಿಸಿದರೆ ನೋಂದಾಯಿತ ಜಾಹೀರಾತು ಕರೆಗಳು ಕಡಿಮೆಯಾಗುತ್ತವೆ. ಕಳ್ಳರು ಇದಕ್ಕೆ ಜಗ್ಗುವುದಿಲ್ಲ, ಆದರೆ ದಿನದ ಗದ್ದಲ ಕಡಿಮೆಯಾದರೆ ಅನುಮಾನದ ಕರೆ ಎದ್ದು ಕಾಣುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ತಂದೆಯ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ಅವರದ್ದಲ್ಲದ್ದು ಇದ್ದರೆ ಅಲ್ಲೇ ತಿಳಿಸಬಹುದು. ಮೊನ್ನೆ ಬಂದ ಕರೆಯನ್ನು ಅದರಲ್ಲೇ ಇರುವ, ಅನುಮಾನದ ಕರೆ ತಿಳಿಸುವ 'ಚಕ್ಷು' ವಿಭಾಗದಲ್ಲಿ ದಾಖಲಿಸಿ. ನನ್ನ ಇನ್ನೊಂದು ಸಲಹೆ: ಪೆನ್ಷನ್ ಬರುವ, ಠೇವಣಿ ಇರುವ ಖಾತೆಗೆ ಯುಪಿಐ ಜೋಡಿಸಲೇಬೇಡಿ. ತಿಂಗಳ ಖರ್ಚಿನಷ್ಟು ಮಾತ್ರ ಇರುವ ಬೇರೆ ಖಾತೆಗೆ ಜೋಡಿಸಿ. ಎಂಥ ಕರೆ ಬಂದರೂ ಯುಪಿಐ ದಾರಿಯಲ್ಲಿ ಹೋಗುವುದು ಆ ಒಂದು ತಿಂಗಳ ಖರ್ಚಷ್ಟೇ.

ದುಡ್ಡು ಹೋಗಿದ್ದರೆ ಚಕ್ಷು ಸಾಲದು. ಆಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅದೂ ಆ ನಿಮಿಷವೇ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಜಿಗಿಯುತ್ತಾ ಹೋಗುತ್ತದೆ. 1930ರವರು ಬ್ಯಾಂಕುಗಳಿಗೆ ತಿಳಿಸಿ ಇನ್ನೂ ಡ್ರಾ ಆಗದ ಹಣವನ್ನು ಅಲ್ಲೇ ತಡೆಯಲು ನೋಡುತ್ತಾರೆ. ವ್ಯವಹಾರದ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ನೀವು ಪುಣೆಯಿಂದಲೂ ದೂರು ಹಾಕಬಹುದು, ಹುಬ್ಬಳ್ಳಿಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. ಬ್ಯಾಂಕಿಗೂ ಬರಹದಲ್ಲಿ ತಿಳಿಸಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಒಟಿಪಿ ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಮ್ಮದು. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ನಾಚಿಕೆಯಿಂದ ಒಂದು ರಾತ್ರಿ ಸುಮ್ನೆ ಕೂತರೆ ಅದರ ಬೆಲೆಯನ್ನು ನಾವೇ ಕಟ್ಟಬೇಕು. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2024ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಕಳೆದುಕೊಂಡವರಲ್ಲಿ ಓದಿದವರು, ಅಧಿಕಾರದಲ್ಲಿದ್ದವರು ಎಲ್ಲರೂ ಇದ್ದಾರೆ. ಮೋಸ ಹೋಗುವುದು ದಡ್ಡತನವಲ್ಲ ಅನ್ನುವುದು ತಂದೆಯವರ ಮನಸ್ಸಿಗೆ ಹೋಗಬೇಕು, ಆಗಲೇ ಅವರು ನಿಮಗೆ ಬೇಗ ಹೇಳುತ್ತಾರೆ.

ಮೊನ್ನೆಯವರು ಮತ್ತೆ ಬರಬಹುದು, ಬೇರೆ ನಂಬರ್, ಬೇರೆ ಕಥೆ ಹಿಡಿದುಕೊಂಡು. ಒಮ್ಮೆ ಎತ್ತಿ ಮಾತಾಡಿದವರ ನಂಬರಿಗೆ ಈ ಜಾಲದಲ್ಲಿ ಬೆಲೆ ಜಾಸ್ತಿ. ಹಣ ಕಳೆದುಕೊಂಡವರಿಗಂತೂ "ಸೈಬರ್ ಪೊಲೀಸರು ಮಾತಾಡ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಫೀಸ್ ಕಟ್ಟಿದರೆ ವಾಪಸ್ ಬರುತ್ತೆ" ಅಂತ ಎರಡನೇ ಸುತ್ತಿನ ಕರೆ ಬರುತ್ತದೆ. ದೂರು ಕೊಡಲು ಆಗಲಿ, ಹಣ ವಾಪಸ್ ಪಡೆಯಲು ಆಗಲಿ 1930ಕ್ಕೆ ಯಾವ ಫೀಸೂ ಇಲ್ಲ. ಅಂಥ ಕರೆ ಬಂದರೆ ಮಾತು ಬೆಳೆಸದೆ ಇಟ್ಟು, ಆ ನಂಬರನ್ನೂ ಚಕ್ಷುವಿಗೆ ಹಾಕಿ.